ಹನಿ ನೀರೂ ಕೊಡಬಾರದು

"ಗುರುಗಳೇ, ಹಸುವನ್ನು ಕದ್ದರೆ ಕೊಟ್ಟಿಗೆ ಬರಿದಾಗುತ್ತದೆ. ಒಬ್ಬ ಬರೆದ ಪುಟವನ್ನು ಇನ್ನೊಬ್ಬ ತೆಗೆದುಕೊಂಡರೆ ಆ ಪುಟ ಬರೆದವನ ಬಳಿಯೇ ಇರುತ್ತದೆ. ಅವನಿಗೆ ಏನೂ ಕಡಿಮೆಯಾಗದ ಮೇಲೆ ಅದನ್ನು ಕಳವು ಎಂದು ಏಕೆ ಕರೆಯಬೇಕು?"

ಶಿಷ್ಯ ಹೀಗೆ ಕೇಳಿದಾಗ ಅವನು ತನ್ನ ಪ್ರಬಂಧವನ್ನು ಒಪ್ಪಿಸಲು ಒಂದು ವಾರ ಉಳಿದಿತ್ತು.

"ಎಷ್ಟು ಪುಟ?" ಎಂದರು ಗುರು.

"ನಾನು ತತ್ತ್ವಕ್ಕಾಗಿ ಕೇಳಿದೆ."

"ತತ್ತ್ವಕ್ಕಾಗಿ ಕೇಳುವವರು ಇಷ್ಟು ಅಚ್ಚುಕಟ್ಟಾಗಿ ಕೇಳುವುದಿಲ್ಲ. ಹಸು, ಕೊಟ್ಟಿಗೆ ಎಲ್ಲವನ್ನೂ ಸಿದ್ಧಮಾಡಿಕೊಂಡೇ ಬಂದಿದ್ದೀಯ. ಕೂತುಕೋ."

ಶಿಷ್ಯ ಕುಳಿತ. ಗುರು ಹೇಳತೊಡಗಿದರು.

ಒಂದು ವಿದ್ಯಾಪೀಠವಿತ್ತು. ಅಲ್ಲಿ ವೈದ್ಯವಿದ್ಯೆ ಕಲಿಸುತ್ತಿದ್ದರು. ಕಲಿತು ಮುಗಿಸಿದವನು ಯಾವುದಾದರೂ ಒಂದು ರೋಗದ ಮೇಲೆ ಗ್ರಂಥ ಬರೆದು ಒಪ್ಪಿಸಬೇಕು. ಕೊನೆಯ ಅಧ್ಯಾಯದಲ್ಲಿ ತಾನೇ ಕೊಟ್ಟು ನೋಡಿದ ಮದ್ದು, ತಾನೇ ಕಂಡ ಫಲ ಇರಬೇಕು. ಆಮೇಲೆ ಹೆಸರಿಗೊಂದು ಬಿರುದು, ಹೆಗಲಿಗೊಂದು ಶಾಲು.

ಒಬ್ಬ ವಿದ್ಯಾರ್ಥಿ ಮಕ್ಕಳಿಗೆ ಬರುವ ಒಂದು ಜ್ವರವನ್ನು ಆರಿಸಿಕೊಂಡ. ಆ ಜ್ವರದಲ್ಲಿ ಮಗುವಿನ ಕತ್ತು ಸೆಟೆದುಕೊಳ್ಳುತ್ತದೆ, ಮೈ ಕಾದ ಹೆಂಚಾಗುತ್ತದೆ. ಅವನು ದಡ್ಡನಲ್ಲ, ಸೋಮಾರಿಯೂ ಅಲ್ಲ. ರೋಗದ ಲಕ್ಷಣಗಳು, ಹಿಂದಿನವರು ಹೇಳಿದ್ದು, ಅವರವರೊಳಗಿನ ಜಗಳ ಎಲ್ಲವನ್ನೂ ಓದಿ ಬರೆದ. ಕೊನೆಯ ಅಧ್ಯಾಯಕ್ಕೆ ಬಂದು ನಿಂತ. ಆ ಜ್ವರ ಬಂದ ಒಂದು ಮಗುವೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಜ್ವರ ಅಪರೂಪಕ್ಕೆ ಬರುವಂಥದ್ದು. ಪರೀಕ್ಷೆ ವರ್ಷವರ್ಷವೂ ಬರುವಂಥದ್ದು.

ಆದ್ದರಿಂದ ಕುಳಿತಲ್ಲೇ ಬರೆದ. ಒಂದು ಬೇರಿನ ಹೆಸರು ಹೇಳಿ, ಅದನ್ನು ಅರೆದು ನೆಕ್ಕಿಸಬೇಕು ಎಂದ. ಅದು ಯಾರಿಗೂ ಕೇಡು ಮಾಡದ ಬೇರು. ಒಳಿತನ್ನೂ ಮಾಡದು. ಬರೆದದ್ದನ್ನು ಓದಿ ನೋಡಿದ. ಸಪ್ಪೆಯಾಗಿ ಕಂಡಿತು. ಪಥ್ಯವಿಲ್ಲದ ಮದ್ದನ್ನು ನಮ್ಮ ಜನ ನಂಬುವುದಿಲ್ಲ. ಪಥ್ಯ ಕಠಿಣವಾದಷ್ಟೂ ಮದ್ದು ದೊಡ್ಡದು. ಹಾಗಾಗಿ ಇನ್ನೊಂದು ಸಾಲು ಸೇರಿಸಿದ: ಜ್ವರ ಇಳಿಯುವ ತನಕ ಮಗುವಿಗೆ ಹನಿ ನೀರೂ ಕೊಡಬಾರದು. ಈಗ ಅಧ್ಯಾಯಕ್ಕೆ ತೂಕ ಬಂತು. ಕೊನೆಯಲ್ಲಿ ಬರೆದ: ಹದಿನೇಳು ಮಕ್ಕಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ, ಹದಿನಾರು ಬದುಕಿದವು.

ಇಲ್ಲದ ಮಕ್ಕಳಲ್ಲಿ ಒಂದನ್ನು ಏಕೆ ಸಾಯಿಸಿದ? ಎಲ್ಲವೂ ಬದುಕಿದರೆ ಪರೀಕ್ಷಕರಿಗೆ ಅನುಮಾನ ಬರುತ್ತದೆ.

ಪರೀಕ್ಷಕರು ಆ ಒಂದು ಸಾವನ್ನೇ ವಿಶೇಷವಾಗಿ ಹೊಗಳಿದರು. ಎಂಥ ಪ್ರಾಮಾಣಿಕತೆ ಎಂದರು.

ಬಿರುದು ಬಂತು. ಓಲೆಗರಿಯ ಗ್ರಂಥ ಭಂಡಾರದ ಅಟ್ಟಕ್ಕೆ ಹೋಯಿತು. ಅವನಿಗೆ ಅಲ್ಲಿಯೇ ಕಲಿಸುವ ಕೆಲಸ ಸಿಕ್ಕಿತು. ಕಲಿಸುವವನು ರೋಗಿಗಳನ್ನು ನೋಡಲೇಬೇಕೆಂಬ ನಿಯಮವಿರಲಿಲ್ಲ. ಕೂದಲು ನರೆಯುವ ಹೊತ್ತಿಗೆ ಅವನೇ ಪೀಠದ ಮುಖ್ಯಸ್ಥ. ಆ ಅಧ್ಯಾಯವನ್ನು ಅವನು ಮರೆತಿರಲಿಲ್ಲ. ಆದರೆ ಬಿರುದಿಗಾಗಿ ಬರೆದ ಗ್ರಂಥವನ್ನು ಬಿರುದು ಬಂದ ಮೇಲೆ ಯಾರೂ ಓದುವುದಿಲ್ಲ. ಅದೊಂದು ಧೈರ್ಯವಿತ್ತು.

ತಡವಾಗಿ ಹುಟ್ಟಿದ ಒಬ್ಬಳೇ ಮಗಳು, ಹೊನ್ನಿ. ಆರು ವರ್ಷದವಳು. ಒಂದು ಬೆಳಿಗ್ಗೆ ಅವಳಿಗೆ ಅದೇ ಜ್ವರ ಬಂತು.

ಅವನು ಆ ರೋಗವನ್ನು ಮೊದಲ ಸಲ ನೋಡಿದ. ತನ್ನ ಗ್ರಂಥದಲ್ಲಿ ಬರೆದ ಲಕ್ಷಣಗಳೆಲ್ಲ ಸರಿಯಾಗಿದ್ದವು. ಮದ್ದು ಮಾತ್ರ ಗೊತ್ತಿರಲಿಲ್ಲ.

ಅದು ಪರೀಕ್ಷೆಯ ಕಾಲ. ಮೂರು ಊರುಗಳಿಂದ ಮೂವರು ವೈದ್ಯರು ಪರೀಕ್ಷಕರಾಗಿ ಬಂದು ಪೀಠದಲ್ಲಿ ಇಳಿದುಕೊಂಡಿದ್ದರು. ಮೂವರೂ ಮಕ್ಕಳ ಜ್ವರಗಳ ಮೇಲೆಯೇ ಬಿರುದು ಪಡೆದವರು. ಮುಖ್ಯಸ್ಥ ಅವರನ್ನು ಮನೆಗೆ ಕರೆಸಿದ. ಎಚ್ಚರಿಕೆಯ ಮನುಷ್ಯ ಅವನು. ಮೂವರೂ ಒಟ್ಟಿಗೆ ಬಂದರೆ ಒಬ್ಬರು ಹೇಳಿದ್ದಕ್ಕೆ ಇಬ್ಬರು ತಲೆಯಾಡಿಸುತ್ತಾರೆ ಎಂದು ಒಬ್ಬೊಬ್ಬರನ್ನೇ ಕರೆಸಿದ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸಲಿಲ್ಲ.

ಮೊದಲನೆಯವರು ಮಗುವಿನ ಕತ್ತು ಮುಟ್ಟಿ ನೋಡಿದರು. ಆ ಬೇರಿನ ಹೆಸರು ಹೇಳಿದರು. "ಜ್ವರ ಇಳಿಯುವ ತನಕ ಹನಿ ನೀರೂ ಕೊಡಬಾರದು" ಎಂದರು.

ಅದು ಮುಖ್ಯಸ್ಥ ತಾನೇ ಬರೆದ ಸಾಲು. "ಎಷ್ಟು ಮಕ್ಕಳಿಗೆ ಕೊಟ್ಟಿದ್ದೀರಿ?" ಎಂದು ಕೇಳಿದ. ಹದಿನೇಳು ಎಂದರೆ ಇವರನ್ನು ಅಲ್ಲಿಂದಲೇ ಕಳಿಸಿಬಿಡುವುದು ಎಂದುಕೊಂಡಿದ್ದ.

"ಇಪ್ಪತ್ತೆರಡು. ಕಣ್ಣಾರೆ ಕಂಡಿದ್ದೇನೆ. ಎರಡು ಹೋದವು, ಸುಳ್ಳೇಕೆ ಹೇಳಲಿ."

ಎರಡನೆಯವರು ಬಂದರು. ಅದೇ ಬೇರು, ಅದೇ ಪಥ್ಯ. ಅವರು ಹನ್ನೊಂದು ಮಕ್ಕಳನ್ನು ಕಂಡಿದ್ದರು. ಬೇರನ್ನು ಜೇನಿನಲ್ಲಿ ಅರೆದರೆ ಗುಣ ಬೇಗ ಎಂದೂ ಹೇಳಿದರು. ಮೂರನೆಯವರು ಮೂವತ್ತರ ಮೇಲೆ ಕಂಡಿದ್ದರು. ಹೆಣ್ಣುಮಕ್ಕಳಲ್ಲಿ ಫಲ ಹೆಚ್ಚು ಎಂದರು.

ನಕಲು ಮಾಡಿದವರು ಲೆಕ್ಕವನ್ನೂ ನಕಲು ಮಾಡುತ್ತಾರೆ ಎಂದು ಮುಖ್ಯಸ್ಥ ನಂಬಿದ್ದ. ಅವನು ಸುಳ್ಳನ್ನು ಬಲ್ಲವನು, ನಕಲನ್ನು ಬಲ್ಲವನಲ್ಲ. ಮೂವರು ವೈದ್ಯರು, ಮೂರು ಊರು, ಮೂರು ಲೆಕ್ಕ. ಮದ್ದು ಒಂದೇ.

ಬಾಗಿಲ ಬಳಿ ನಿಂತು ಕೇಳುತ್ತಿದ್ದ ಹೆಂಡತಿ ಒಳಗೆ ಬಂದಳು. "ಮೂವರೂ ಒಂದೇ ಮಾತು ಹೇಳಿದರಲ್ಲ. ಇನ್ನೂ ಏನು ಯೋಚನೆ ನಿಮ್ಮದು?"

"ಅವರು ಹೇಳಿದರು ಅಂದಮಾತ್ರಕ್ಕೆ..."

"ಇಷ್ಟು ವರ್ಷ ಪಾಠ ಹೇಳಿದಿರಿ. ನಿಮ್ಮ ಕೈಯಿಂದ ಒಂದು ನೆಗಡಿ ವಾಸಿಯಾದದ್ದನ್ನು ನಾನು ಕಾಣೆ. ಅವರು ಮಕ್ಕಳನ್ನು ಬದುಕಿಸಿದವರು. ಸುಮ್ಮನೆ ಬೇರು ತನ್ನಿ."

ಅವನು ಬಾಯಿ ತೆರೆದ. ಆ ಮದ್ದನ್ನು ನಾನು ಕುಳಿತಲ್ಲಿ ಕಟ್ಟಿದೆ ಎಂದು ಹೇಳಿದರೆ ಬಿರುದು ಹೋಗುತ್ತದೆ, ಪೀಠ ಹೋಗುತ್ತದೆ. ಆದರೆ ಅವನನ್ನು ತಡೆದದ್ದು ಆ ಭಯವಲ್ಲ. ಮಗಳಿಗಾಗಿ ಅವನು ಪೀಠವನ್ನು ಬಿಡುತ್ತಿದ್ದ. ತಡೆದದ್ದು ಬೇರೊಂದು ಯೋಚನೆ. ಮೂವರು ಬೇರೆ ಬೇರೆಯಾಗಿ ಕಂಡದ್ದು ಸುಳ್ಳಾಗುವುದು ಹೇಗೆ? ಬಾಯಿಗೆ ಬಂದದ್ದನ್ನು ಬರೆದೆ ಎಂದು ಇಷ್ಟು ದಿನ ನಾಚಿಕೊಂಡೆ. ಬಾಯಿಗೆ ಬಂದದ್ದು ನಿಜವೇ ಇರಬೇಕು. ಸರಸ್ವತಿ ಯಾರ ಕೈಯಲ್ಲಿ ಏನು ಬರೆಸುತ್ತಾಳೋ ಯಾರಿಗೆ ಗೊತ್ತು.

ಆ ಹೊತ್ತಿನಲ್ಲೂ ಅವನಿಗೆ ತುಸು ಹೆಮ್ಮೆಯಾಯಿತು.

ಬೇರು ತರಿಸಿದ. ಜೇನಿನಲ್ಲಿ ಅರೆದು ತಾನೇ ನೆಕ್ಕಿಸಿದ. ಮನೆಯೊಳಗಿನ ನೀರಿನ ಕೊಡವನ್ನು ಹೊರಗೆ ಇರಿಸಿದ.

"ಅಪ್ಪಾ, ನೀರು" ಎಂದಳು ಹೊನ್ನಿ.

"ಇನ್ನು ಸ್ವಲ್ಪ ಹೊತ್ತು, ಮಗಳೇ."

"ಒಂದೇ ಗುಟುಕು. ಅಮ್ಮನಿಗೆ ಹೇಳುವುದಿಲ್ಲ."

ಅಮ್ಮ ಪಕ್ಕದಲ್ಲೇ ಕುಳಿತಿದ್ದಳು. ಕೇಳಲಾರದೆ ಎದ್ದು ಹೋಗಿ ಒಂದು ಲೋಟ ನೀರು ತಂದಳು. ಅವನು ಅದನ್ನು ಕಸಿದುಕೊಂಡು ಅಂಗಳಕ್ಕೆ ಚೆಲ್ಲಿದ. "ಮೂವತ್ತು ಮಕ್ಕಳು ಬದುಕಿದ್ದಾರೆ. ಒಂದು ಲೋಟದಿಂದ ಇವಳನ್ನು ಕೊಲ್ಲಬೇಡ" ಎಂದ. ಮಗು ಹಣೆಯ ಮೇಲಿನ ಒದ್ದೆ ಬಟ್ಟೆಯನ್ನು ಬಾಯಿಗೆ ಎಳೆದುಕೊಂಡು ಚೀಪತೊಡಗಿತು. ಅವನು ಅದನ್ನೂ ತೆಗೆದ.

ಮರುದಿನ ಮಧ್ಯಾಹ್ನ ಜ್ವರ ಇಳಿಯಿತು. ಅಷ್ಟರ ಮಟ್ಟಿಗೆ ಗ್ರಂಥ ನಿಜವಾಯಿತು. ಮಗುವಿನ ಮೈ ಪೂರ್ತಿ ತಣ್ಣಗಾಗಿತ್ತು.

ಸಂಜೆ ಮಣ್ಣುಮಾಡಿ ಬಂದವನು ಮನೆಯೊಳಗೆ ಕಾಲಿಡಲಿಲ್ಲ. ನೆಟ್ಟಗೆ ಪರೀಕ್ಷಕರು ಇಳಿದಿದ್ದ ಕಡೆಗೆ ಹೋದ. ಮೂವರೂ ಎಲೆ ಅಡಿಕೆಯ ತಟ್ಟೆ ಮುಂದಿಟ್ಟುಕೊಂಡು ಕುಳಿತಿದ್ದರು. ಅವನನ್ನು ಕಂಡು ಎದ್ದರು. "ಏನು ಮಾಡುವುದು, ನೂರರಲ್ಲಿ ಒಂದೆರಡು ಉಳಿಯುವುದಿಲ್ಲ" ಎಂದರು ಮೊದಲನೆಯವರು.

"ಉಳಿದದ್ದರಲ್ಲಿ ಒಂದನ್ನು ತೋರಿಸಿ" ಎಂದ ಅವನು. "ಎಷ್ಟು ದೂರದ ಊರಾದರೂ ಬರುತ್ತೇನೆ. ಒಂದೇ ಒಂದು ಮಗು ಸಾಕು. ಅದನ್ನು ಕರೆತಂದು ನನ್ನ ಹೆಂಡತಿಗೆ ತೋರಿಸಬೇಕು. ಅವಳು ನನ್ನ ಮುಖ ನೋಡುತ್ತಿಲ್ಲ."

ಮೊದಲನೆಯವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಮಗುವನ್ನು ಎಲ್ಲಿಂದ ತರಲಿ ಸ್ವಾಮಿ? ಅದು ಬಿರುದಿಗೆ ಬರೆದದ್ದು. ನಿಮಗೆ ತಿಳಿಯದ್ದೇನಿದೆ? ನಿಮ್ಮ ಭಂಡಾರದ ಅಟ್ಟದಲ್ಲೇ ಒಂದು ಹಳೆಯ ಗ್ರಂಥ ಸಿಕ್ಕಿತ್ತು. ಮೊದಲ ಗರಿಯನ್ನು ಗೆದ್ದಲು ತಿಂದಿತ್ತು, ಬರೆದವರ ಹೆಸರೂ ಇರಲಿಲ್ಲ. ಲೆಕ್ಕವೊಂದನ್ನು ಬದಲಿಸಿದೆ, ಅಷ್ಟೆ."

ಎರಡನೆಯವರು ಥಟ್ಟನೆ ಅವರತ್ತ ತಿರುಗಿದರು. "ಅಂದರೆ ನೀವು ಕಂಡಿಲ್ಲವೇ? ಅಯ್ಯೋ ಪುಣ್ಯಾತ್ಮ, ನಾನು ನಿಮ್ಮನ್ನು ನಂಬಿ ಬರೆದೆನಲ್ಲ!" ಅವರ ದನಿಯಲ್ಲಿದ್ದ ನೋವು ನಿಜವಾದದ್ದು. ತಾನು ಮೋಸ ಹೋದೆ ಎಂದು ಅವರಿಗೆ ಅನ್ನಿಸಿತ್ತು.

ಮೂರನೆಯವರು ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈಯನ್ನು ನಿಲ್ಲಿಸಿದರು. ಅವರು ತೆಗೆದುಕೊಂಡದ್ದು ಎರಡನೆಯವರಿಂದ.

"ಆದರೆ ಮೂಲದಲ್ಲಿ ದೋಷವಿಲ್ಲ ಸ್ವಾಮಿ" ಎಂದರು ಮೊದಲನೆಯವರು. "ಆ ಪುಣ್ಯಾತ್ಮ ಯಾರೋ, ಪ್ರಾಮಾಣಿಕ. ಹದಿನೇಳು ಮಕ್ಕಳನ್ನು ಕಣ್ಣಾರೆ ಕಂಡಿದ್ದ. ಸತ್ತದ್ದನ್ನೂ ಮುಚ್ಚಿಟ್ಟಿರಲಿಲ್ಲ."

"ಅವನು ಒಂದು ಮಗುವನ್ನೂ ಕಂಡಿರಲಿಲ್ಲ" ಎಂದ ಮುಖ್ಯಸ್ಥ. "ಇವತ್ತು ಕಂಡ."

ಅವನ ಕೈಗೆ ಇನ್ನೂ ಮಣ್ಣು ಮೆತ್ತಿಕೊಂಡಿತ್ತು. ಮೂವರಿಗೂ ಅರ್ಥವಾಗಲು ತುಸು ಹೊತ್ತು ಹಿಡಿಯಿತು.

ಆ ವರ್ಷದ ಪರೀಕ್ಷೆಯನ್ನು ಮುಂದೂಡಲಿಲ್ಲ. ಎಲ್ಲರೂ ತೇರ್ಗಡೆಯಾದರು.

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಹೇಳಿದ: "ಘೋರ, ಗುರುಗಳೇ. ಆದರೆ ಪಾಪ ಸುಳ್ಳು ಬರೆದವನದು. ಉಳಿದವರು ಬರೀ ನಕಲು ಮಾಡಿದರು. ಅವನಿಂದ ಅವರು ಏನನ್ನು ಕದ್ದ ಹಾಗಾಯಿತು?"

ಗುರು ಹೇಳಿದರು: "ಅದು ಸುಳ್ಳೆಂದು ಲೋಕದಲ್ಲಿ ಅವನೊಬ್ಬನಿಗೆ ಗೊತ್ತಿತ್ತು, ಅವರು ಕದ್ದದ್ದು ಆ ಅರಿವನ್ನು."