ಡೊಂಕಪ್ಪ ಮುಖ ತಿರುಗಿಸಿದ ಸಂಜೆ

ಆಫ್ರಿಕಾದಲ್ಲಿ ಒಂದು ದೊಡ್ಡ ಹುಲ್ಲುಗಾವಲಿದೆ. ಅಲ್ಲಿ ಮನುಷ್ಯರು ಬೇಟೆಯಾಡುವಂತಿಲ್ಲ. ಪ್ರಾಣಿಗಳನ್ನು ದೂರದಿಂದ ನೋಡಬಹುದು, ಫೋಟೋ ತೆಗೆಯಬಹುದು, ಕತ್ತಲಾಗುವ ಮೊದಲು ಹೊರಟುಬಿಡಬೇಕು. ಹಾಗೆ ನೋಡಲು ಬಂದವರನ್ನು ತುಂಬಿಕೊಂಡು ತೆರೆದ ಜೀಪುಗಳು ಬೆಳಗ್ಗೆಯೂ ಸಂಜೆಯೂ ಓಡಾಡುತ್ತವೆ.

ಆ ಹುಲ್ಲುಗಾವಲಿನ ಒಂದು ಹುತ್ತದ ಬುಡದಲ್ಲಿ ಡೊಂಕಪ್ಪ ಎಂಬ ಹಂದಿ ಸಂಸಾರ ಮಾಡಿಕೊಂಡಿತ್ತು. ಮಕ್ಕಳೇ, ಇದು ನಮ್ಮ ಕಾಡುಹಂದಿಯಲ್ಲ, ಅದರ ದೂರದ ನೆಂಟ. ಕೆನ್ನೆಯ ಮೇಲೆ ನರಹುಲಿಯಂಥ ದಪ್ಪ ಗಂಟುಗಳು. ಬಾಯಿಯ ಎರಡೂ ಬದಿಯಲ್ಲಿ ಮೇಲಕ್ಕೆ ಬಾಗಿದ ಕೋರೆಗಳು. ಓಡುವಾಗ ಬಾಲ ಕಂಬದ ಹಾಗೆ ನೆಟ್ಟಗೆ ನಿಲ್ಲುತ್ತದೆ.

ಮನೆ ಎಂದರೆ ಬೇರೆ ಯಾವುದೋ ಪ್ರಾಣಿ ತೋಡಿ ಬಿಟ್ಟುಹೋದ ಬಿಲ. ಒಳಗೆ ಒಂದು ಕೋಣೆ, ಅಲ್ಲಿಗೆ ಹೋಗಲು ಇಕ್ಕಟ್ಟಾದ ದಾರಿ. ಆ ದಾರಿಯಲ್ಲಿ ದೊಡ್ಡ ಹಂದಿಗೆ ಮೈ ತಿರುಗಿಸಲು ಆಗುವುದಿಲ್ಲ.

ಆದ್ದರಿಂದ ಮನೆ ಸೇರುವುದಕ್ಕೆ ಒಂದು ಕ್ರಮವಿತ್ತು. ಸಂಜೆ ಮೊದಲು ಮೂರು ಮರಿಗಳು ತಲೆ ಮುಂದೆ ಮಾಡಿ ಒಳಗೆ ಓಡುತ್ತಿದ್ದವು. ಅವುಗಳ ಹಿಂದೆ ಹೆಂಡತಿ ಕೆಂಚಮ್ಮ. ಎಲ್ಲರೂ ಒಳಸೇರಿದ ಮೇಲೆ ಡೊಂಕಪ್ಪ ಬಯಲಿನ ಕಡೆ ಮುಖಮಾಡಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಾ ಬಿಲದೊಳಗೆ ಇಳಿಯುತ್ತಿತ್ತು. ಕೋರೆಗಳು ಬಾಗಿಲಲ್ಲಿ, ಬೆನ್ನು ಮಕ್ಕಳ ಕಡೆ. ಡೊಂಕಪ್ಪನ ಅಪ್ಪನೂ ಹೀಗೆಯೇ ಮಲಗುತ್ತಿದ್ದ, ಅಜ್ಜನೂ ಹೀಗೆಯೇ.

ದಿನವೂ ಅದೇ ಹೊತ್ತಿಗೆ ಒಂದು ಕತ್ತೆಕಿರುಬ ಬಂದು ಬಾಗಿಲಲ್ಲಿ ಇಣುಕುತ್ತಿತ್ತು.

"ಊಟ ಆಯಿತಾ ಭಾವ?"

"ಆಯಿತು. ನಿಮ್ಮದು?"

"ಇನ್ನೂ ಇಲ್ಲ" ಎಂದು ಕತ್ತೆಕಿರುಬ ಕೋರೆಗಳನ್ನು ಒಮ್ಮೆ ನೋಡಿ, ಮುಂದಕ್ಕೆ ಹೋಗುತ್ತಿತ್ತು.

ಒಂದು ಸಂಜೆ ಬಿಲದ ಎದುರಿಗೆ ಜೀಪೊಂದು ನಿಂತಿತು. ಅದರಲ್ಲಿ ಗದಗಿನ ಕಡೆಯಿಂದ ಪ್ರವಾಸಕ್ಕೆ ಬಂದ ಒಂದು ಕುಟುಂಬವಿತ್ತು. ಡೊಂಕಪ್ಪ ಎಂದಿನಂತೆ ಹಿಂದೆ ಹಿಂದೆ ಸರಿಯುತ್ತಿದ್ದಾಗ ಹಸಿರು ಸ್ವೆಟರಿನ ಹೆಂಗಸು ಗಂಡನನ್ನು ತಿವಿದಳು.

"ಅಲ್ಲಿ ನೋಡ್ರಿ. ಮಾವನ ಮುಂದ ನಾಚಿದ ಅಳಿಯ ಹಿಂದ್ಹಿಂದ ಸರದಂಗ ಸರೀತೈತಿ."

"ನಾ ಏನ್ ಹಂಗ ಸರೀತಿದ್ದಿಲ್ಲ ಬಿಡು" ಎಂದ ಗಂಡ.

ಜೀಪಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಡ್ರೈವರನಿಗೆ ಭಾಷೆ ಬರದಿದ್ದರೂ ಅವನೂ ನಕ್ಕ.

ಡೊಂಕಪ್ಪನಿಗೆ ಅಂದು ನಿದ್ದೆ ಹತ್ತಲಿಲ್ಲ. ಬೆಳಗ್ಗೆ ತನ್ನ ಬೆನ್ನಿನ ಮೇಲೆ ರಕ್ತ ಹೀರುವ ಉಣುಗು ಹುಳಗಳನ್ನು ಹೆಕ್ಕಲು ಬಂದ ಹಕ್ಕಿಯನ್ನು ಕೇಳಿತು:

"ನೀನು ಊರೆಲ್ಲ ಸುತ್ತುವವಳು. ಅವರು ನನ್ನನ್ನು ನೋಡಿ ಯಾಕೆ ನಕ್ಕರು?"

"ನೋಡುವುದಕ್ಕೆ ಬಂದವರು ನಗುತ್ತಾರೆ. ಮೊನ್ನೆ ಆನೆಯ ಕಿವಿ ನೋಡಿ ನಕ್ಕರು."

"ಆನೆ ಏನು ಮಾಡಿತು?"

"ಹುಲ್ಲು ತಿಂದಿತು. ಸ್ವಲ್ಪ ಎಡಕ್ಕೆ ವಾಲು, ಕಿವಿಯ ಹಿಂದೆ ಒಂದು ದಪ್ಪನೆಯದು ಕೂತಿದೆ."

ಈ ಉತ್ತರ ಡೊಂಕಪ್ಪನಿಗೆ ಹಿಡಿಸಲಿಲ್ಲ. ಸಿಂಹ ನಡೆದರೆ ಜನ ಉಸಿರು ಬಿಗಿಹಿಡಿದು ನೋಡುತ್ತಾರೆ. ಸಿಂಹ ಎಲ್ಲಿಗೆ ಹೋದರೂ ಮುಖ ಮುಂದೆ ಮಾಡಿಯೇ ಹೋಗುತ್ತದೆ. ಸಮಸ್ಯೆ ಇರುವುದು ಇಲ್ಲಿಯೇ ಎಂದು ಅದು ತೀರ್ಮಾನಿಸಿತು.

ಮಧ್ಯಾಹ್ನ ತನ್ನ ಜಾತಿಯ ರೂಢಿಯಂತೆ ಮುಂಗಾಲು ಮಡಿಸಿ ಮಂಡಿಯೂರಿ ಹುಲ್ಲು ಮೇಯುತ್ತಿದ್ದಾಗ ಹೆಂಡತಿಗೆ ಹೇಳಿತು:

"ಇವತ್ತಿನಿಂದ ನಾನೂ ಮುಖ ಮುಂದೆ ಮಾಡಿಯೇ ಮನೆಗೆ ಬರುತ್ತೇನೆ."

ಕೆಂಚಮ್ಮ ಮೇಯುವುದನ್ನು ನಿಲ್ಲಿಸಿದಳು. "ಬಾಗಿಲಲ್ಲಿ ಕೋರೆ ಇರುವುದಿಲ್ಲವಲ್ಲ."

"ಎಷ್ಟು ದಿನದಿಂದ ಆ ಕತ್ತೆಕಿರುಬ ಬರೀ ಮಾತಾಡಿಸಿ ಹೋಗುತ್ತಿದೆ. ಸಾಧು ಪ್ರಾಣಿ."

"ಅದು ಮಾತಾಡಿಸುವುದು ನಿಮ್ಮನ್ನಲ್ಲ ರೀ, ನಿಮ್ಮ ಕೋರೆಯನ್ನು."

"ನಿನಗೇನು ಗೊತ್ತು? ನಗೆಗೀಡಾದವನು ನಾನು" ಎಂದಿತು ಡೊಂಕಪ್ಪ. ಕೆಂಚಮ್ಮ ಮತ್ತೆ ಮೇಯತೊಡಗಿದಳು.

ಸಂಜೆಯಾಯಿತು. ಮರಿಗಳು ಒಳಗೆ ಓಡಿದವು, ಕೆಂಚಮ್ಮನೂ ಹೋದಳು. ಡೊಂಕಪ್ಪ ಬಾಗಿಲಲ್ಲಿ ನಿಂತು ಕಾಯಿತು. ದೂರದಲ್ಲಿ ಜೀಪು ಕಾಣಿಸಿತು. ಡೊಂಕಪ್ಪ ಎದೆಯುಬ್ಬಿಸಿತು.

ಅಷ್ಟರಲ್ಲಿ ಡ್ರೈವರನ ವೈರ್‌ಲೆಸ್ ಗೊರಗೊರ ಎಂದಿತು. ನದಿಯ ಹತ್ತಿರ ಸಿಂಹ ಕಾಣಿಸಿದೆಯಂತೆ. ಜೀಪು ದೂಳೆಬ್ಬಿಸಿಕೊಂಡು ಆ ಕಡೆ ತಿರುಗಿತು. ಜೀಪಿನೊಳಗಿನ ಒಂದು ತಲೆಯೂ ಹುತ್ತದ ಕಡೆ ನೋಡಲಿಲ್ಲ.

ಆದರೂ ಡೊಂಕಪ್ಪ ಹಟ ಬಿಡಲಿಲ್ಲ. ದೊಡ್ಡಮನುಷ್ಯನ ಠೀವಿಯಲ್ಲಿ ತಲೆ ಮುಂದೆ ಮಾಡಿ ಒಳಗೆ ನಡೆಯಿತು.

ಕತ್ತಲಲ್ಲಿ ಅದರ ಮೂತಿ ಕಿರಿಯ ಮರಿಯ ಮೂತಿಗೆ ತಗುಲಿತು.

"ಅಪ್ಪಾ, ನಿನ್ನ ಮುಖ ಯಾಕೆ ಈ ಕಡೆ ಇದೆ?"

ಆಗಲೇ ಹಿಂದಿನಿಂದ ಪರಿಚಯದ ಧ್ವನಿ ಕೇಳಿಸಿತು.

"ಏನು ಭಾವ, ಇವತ್ತು ಬಾಗಿಲಿಗೆ ಅಗುಳಿ ಹಾಕುವುದನ್ನೇ ಮರೆತಿದ್ದೀರಿ?"

ಡೊಂಕಪ್ಪ ತಿರುಗಲು ನೋಡಿತು. ಭುಜ ಒಂದು ಗೋಡೆಗೆ, ಸೊಂಟ ಇನ್ನೊಂದು ಗೋಡೆಗೆ ಸಿಕ್ಕಿಕೊಂಡಿತು. ಕತ್ತೆಕಿರುಬ ಗಬಕ್ಕನೆ ಬಾಲಕ್ಕೆ ಬಾಯಿ ಹಾಕಿ ಎಳೆಯತೊಡಗಿತು. ಬಾಲ ಸಿಕ್ಕರೆ ಕಾಲು, ಕಾಲು ಸಿಕ್ಕರೆ ಡೊಂಕಪ್ಪ. ಡೊಂಕಪ್ಪ ಹೋದರೆ ಒಳಗಿದ್ದ ನಾಲ್ವರಿಗೂ ಬೇರೆ ದಾರಿಯಿಲ್ಲ.

"ಕೆಂಚೀ, ನಾನು ತಿರುಗಲಾರೆ" ಎಂದಿತು ಡೊಂಕಪ್ಪ.

"ತಿರುಗಬೇಡಿ, ಹಿಂದಕ್ಕೇ ಹೋಗಿ" ಎಂದಳು ಕೆಂಚಮ್ಮ. "ಅದು ಎಳೆಯುತ್ತಿದೆ, ನಾವು ನೂಕುತ್ತೇವೆ. ಮಕ್ಕಳೇ, ಬನ್ನಿ."

ಅವಳು ಗಂಡನ ಹಣೆಗೆ ಹಣೆ ಕೊಟ್ಟಳು. ಅವಳ ಬೆನ್ನಿಗೆ ಮೂರು ಮರಿಗಳೂ ಮೂತಿ ಕೊಟ್ಟವು. ನಾಲ್ವರೂ ಒಂದೇ ಸಲಕ್ಕೆ ನೂಕಿದರು. ಡೊಂಕಪ್ಪನೂ ಇದ್ದ ಶಕ್ತಿಯನ್ನೆಲ್ಲ ಹಾಕಿ ಹಿಂದಕ್ಕೆ ಒದ್ದುಕೊಂಡಿತು.

ಬಿಲದ ಬಾಯಿಂದ ಮಣ್ಣು ಹಾರಿತು. ಮಣ್ಣಿನ ಜೊತೆಗೆ ಡೊಂಕಪ್ಪನ ದಪ್ಪ ಹಿಂಭಾಗ ಚಿಮ್ಮಿ ಬಂದು ಕತ್ತೆಕಿರುಬದ ಮೂಗಿಗೆ ಅಪ್ಪಳಿಸಿತು. ಕತ್ತೆಕಿರುಬ ಎರಡು ಉರುಳು ಉರುಳಿತು. ಕಣ್ಣಿನ ಮಣ್ಣು ಕೊಡವಿ ಅದು ಎದ್ದು ನೋಡುವಾಗ ಎದುರಿಗೆ ಬಾಲವಿರಲಿಲ್ಲ, ಎರಡು ಕೋರೆಗಳಿದ್ದವು.

"ಊಟ ಆಯಿತಾ?" ಎಂದು ಡೊಂಕಪ್ಪ ಕೇಳಿತು.

ಕತ್ತೆಕಿರುಬದ ಬಾಯಲ್ಲಿ ಬಾಲದ ತುದಿಯ ಕೂದಲು ತುಂಬಿಕೊಂಡಿತ್ತು. ಹಾಗೆಯೇ ಓಡಿಹೋಯಿತು.

ಡೊಂಕಪ್ಪ ಬಯಲಿನ ಕಡೆ ಮುಖಮಾಡಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಒಳಗೆ ಇಳಿಯಿತು. ಕೆಂಚಮ್ಮ ಗಾಯವಾದ ಬಾಲವನ್ನು ನೆಕ್ಕಿದಳು. ಅವಳು ಏನೂ ಆಡಿಕೊಳ್ಳಲಿಲ್ಲ. ಮರಿಗಳು ಸ್ವಲ್ಪ ಹೊತ್ತು ಕಿತ್ತಾಡಿ, ಕೊನೆಗೆ ಒಂದರ ಮೇಲೊಂದು ಅಪ್ಪನ ಬೆನ್ನಿಗೆ ಒರಗಿ ಮಲಗಿದವು. ಮೂರರ ಉಸಿರೂ ಬೆಚ್ಚಗೆ ಬೆನ್ನಿಗೆ ತಾಗುತ್ತಿತ್ತು. ಡೊಂಕಪ್ಪ ಅಲ್ಲಾಡದೆ, ಹುಲ್ಲಿನ ಮೇಲೆ ಬೆಳಕು ಕರಗುವುದನ್ನು ನೋಡುತ್ತಾ ಕುಳಿತಿತು.

ನೀತಿ: ಒಂದು ಗಳಿಗೆ ನೋಡಿ ಹೋಗುವವರ ನಗುವಿಗೆ ನಾಚಿ, ಮನೆಯವರನ್ನು ಕಾಯುವ ಕ್ರಮವನ್ನು ಕೈಬಿಡಬಾರದು.