ಪಂಕ್ತಿಯ ಮೊದಲ ಎಲೆ

"ಗುರುಗಳೇ, ವಯಸ್ಸಾದ ಮೇಲೆ ಜನರಿಗೆ ಹೊಸದೆಂದರೆ ಯಾಕೆ ಆಗುವುದಿಲ್ಲ?" ಎಂದು ಶಿಷ್ಯ ನಿಜಗುಣ ಕೇಳಿದ. ಮಠದಿಂದ ಸಮುದ್ರ ನೋಡಲು ಹೊರಡುವವರ ಪಟ್ಟಿಯನ್ನು ಅವನು ಆಗಷ್ಟೇ ಬರೆದು ಮುಗಿಸಿದ್ದ. ಅರವತ್ತು ದಾಟಿದ ಒಬ್ಬರ ಹೆಸರೂ ಅದರಲ್ಲಿರಲಿಲ್ಲ. "ಅವರು ಹೇಗೂ ಬರುವವರಲ್ಲ," ಎಂದ.

ಗುರುಗಳು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. "ಒಂದು ಕತೆ ಹೇಳುತ್ತೇನೆ. ಪ್ರತಿ ಅಕ್ಷರವೂ ಸತ್ಯ, ಈ ಬೆತ್ತದಾಣೆ. ಸುಳ್ಳು ಹೇಳುವುದರಲ್ಲಿ ಸುತ್ತ ನಲವತ್ತು ಹಳ್ಳಿಗಳಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅದಕ್ಕೇ ನಿಜ ಹೇಳುವಾಗ ನಾಲಿಗೆ ತೊಡರುತ್ತದೆ, ಸ್ವಲ್ಪ ತಾಳಿಕೊಂಡು ಕೇಳು."

ಒಬ್ಬ ರೈತನಿದ್ದ. ಎಪ್ಪತ್ತೆಂಟು ವರ್ಷ, ಮೂವತ್ತೊಂದು ಹಲ್ಲು. ಮೂವತ್ತೆರಡನೆಯದು ಒಂದು ಕಬ್ಬಿನಲ್ಲಿ ಉಳಿದುಹೋಗಿತ್ತು. ಅವನು ಹೊಲದಲ್ಲಿ ಕೂಗಿದರೆ ಆಚೆ ಊರಿನ ಎತ್ತುಗಳೂ ನಿಲ್ಲುತ್ತಿದ್ದವು. ಮನೆಯೊಳಗೆ ಮಾತ್ರ ಆ ಕೂಗು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಮನೆಗೆ ಹೊಸ ಗಾಡಿ ಬಂತು. ಅಪ್ಪನಿಗೆ ಹಳೆಯದೇ ಸರಿ ಎಂದರು ಮಕ್ಕಳು. ಹೊಳೆಯಾಚೆ ಹೊಸ ಸಂತೆ ಕೂಡಿತು. ಅಪ್ಪನಿಗೆ ಆ ದಾರಿ ಆಗಿಬರುವುದಿಲ್ಲ ಎಂದರು. ಅವನು ಹೂಂ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವನ ಪರವಾಗಿ ಇನ್ಯಾರೋ ಬೇಡ ಎಂದುಬಿಟ್ಟಿರುತ್ತಿದ್ದರು.

ಮೊಮ್ಮಗಳ ಮದುವೆ ಬಂತು. ಇನ್ನೂರು ಜನರ ಪಂಕ್ತಿ. ಹಿರಿಯನೆಂದು ಮೊದಲ ಎಲೆ ರೈತನದು. ಮೊದಲ ಎಲೆಯವನು ಎದ್ದರೆ ಪಂಕ್ತಿಯೇ ಏಳಬೇಕು, ಅದು ಆ ಊರಿನ ಪದ್ಧತಿ. ಅಂದು ಪರವೂರಿನ ಅಡುಗೆಯವನು ಹಾಗಲಕಾಯಿ ಪಾಯಸ ಮಾಡಿದ್ದ. ಆ ಸೀಮೆಯಲ್ಲಿ ಅಂಥದ್ದನ್ನು ಯಾರೂ ಕಂಡವರಲ್ಲ. ಬೆಳಗಿನಿಂದ ರೈತನಿಗೆ ಅದರದೇ ಧ್ಯಾನ. ಸಿಹಿಯೋ, ಕಹಿಯೋ, ಎರಡೂ ಒಂದೇ ಬಾಯಲ್ಲಿ ಹೇಗೆ ಕೂಡಿ ಬಾಳುತ್ತವೋ. ಅದಕ್ಕೆಂದೇ ಅನ್ನವನ್ನು ಅರ್ಧಕ್ಕೆ ನಿಲ್ಲಿಸಿ ಹೊಟ್ಟೆಯಲ್ಲಿ ಜಾಗ ಉಳಿಸಿಕೊಂಡಿದ್ದ.

ಅಳಿಯ ಪಾತ್ರೆ ಹಿಡಿದು ಬಂದ. ಮೊದಲ ಎಲೆಯನ್ನು ದಾಟಿ ಎರಡನೆಯದಕ್ಕೆ ಸೌಟು ಬಗ್ಗಿಸಿದ.

"ಅಳಿಯಂದಿರೇ, ನನ್ನ ಎಲೆ ಕಾಣಲಿಲ್ಲವೋ?" ಎಂದ ರೈತ.

"ಕಂಡಿತು ಮಾವ. ಇದು ಹೊಸ ಥರದ್ದು, ನಿಮಗೆ ಸೇರುವುದಿಲ್ಲ."

"ಸೇರುವುದಿಲ್ಲವೆಂದು ನನ್ನ ಬಾಯಲ್ಲಿ ಯಾರು ತಿಂದು ನೋಡಿದರು?"

"ತಿಂದೇ ನೋಡಬೇಕೇ ಮಾವ? ವಯಸ್ಸು ನೋಡಿದರೆ ಗೊತ್ತಾಗುವುದಿಲ್ಲವೇ?" ಎಂದು ನಗುತ್ತ ಅಳಿಯ ಮೂರನೆಯ ಎಲೆಗೆ ಹೋದ.

ರೈತನ ಕಿವಿ ಕೆಂಪಾಯಿತು. ಹತ್ತು ವರ್ಷ ನುಂಗಿಕೊಂಡದ್ದೆಲ್ಲ ಒಮ್ಮೆಗೇ ಗಂಟಲಿಗೆ ಬಂತು. ಅವನು ಎದ್ದು ನಿಂತ.

ಇನ್ನೂರು ಜನ ಏಳಬೇಕಾಯಿತು. ಎಲೆಗೆ ಪಾಯಸ ಬಿದ್ದವರ ಕೈ ಬಾಯಿಯ ದಾರಿಯಲ್ಲೇ ನಿಂತಿತು. ಬೀಳದವರು ಪಾತ್ರೆಯನ್ನೇ ನೋಡುತ್ತ ಎದ್ದರು. ಬೀಗರ ಮುಖ ಹಾಗಲಕಾಯಿಗಿಂತ ಕಹಿಯಾಯಿತು.

"ಮಾವ, ಕುಳಿತುಕೊಳ್ಳಿ, ಬೀಗರೆದುರು ಮರ್ಯಾದೆ ಹೋಗುತ್ತದೆ," ಎಂದು ಅಳಿಯ ಓಡಿ ಬಂದ.

"ನನ್ನ ಊಟ ಮುಗಿಯಿತೆಂದು ತೀರ್ಮಾನಿಸಿದವರು ನೀವು," ಎಂದ ರೈತ. "ನಾನು ಎದ್ದೆ, ಅಷ್ಟೇ."

ಆಗ ಅಡುಗೆಯವನು ಒಲೆಯ ಬಳಿಯಿಂದ ಬಂದು, "ಯಜಮಾನರೇ, ನಿಮಗೆ ಹಾಕಲೇ?" ಎಂದು ಕೇಳಿದ. ರೈತ ನಿಂತಲ್ಲೇ ದೊನ್ನೆ ಒಡ್ಡಿದ. ಕುಡಿದ. ಮುಖ ಸೊಟ್ಟ ಮಾಡಿದ. ಇನ್ನೂರು ಜನ ಅವನ ಬಾಯಿಯನ್ನೇ ನೋಡಿದರು.

"ಚೆನ್ನಾಗಿಲ್ಲ," ಎಂದ. "ಇನ್ನೊಂದು ಸೌಟು ಹಾಕು. ಬೇಡ ಅನ್ನುವುದಿದ್ದರೆ ನಾನೇ ಸರಿಯಾಗಿ ಅನ್ನಬೇಕು."

ನಿಜಗುಣ ನಕ್ಕುಬಿಟ್ಟ. "ಅಂತೂ ಕೊನೆಗೆ ಮುದುಕನಿಗೆ ಪಾಯಸ ಸಿಕ್ಕಿತಲ್ಲ," ಎಂದ.

ಗುರುಗಳು ನಗಲಿಲ್ಲ. "ಒಂದು ಸಣ್ಣ ಸಂಗತಿ ಮಾತ್ರ ನಾನು ಕಟ್ಟಿದ್ದು ಮಗು. ನಿಜಕ್ಕೂ, ಹಾಕಲೇ ಎಂದು ಅಲ್ಲಿ ಅವನನ್ನು ಯಾರೂ ಕೇಳಲಿಲ್ಲ."