ವಾಸನೆ ನಿಂತ ಸೋಮವಾರ

ಮೈಸೂರಿನ ಹಳೇ ಬೀದಿಯೊಂದರಲ್ಲಿ ಶಿವನಂಜಪ್ಪ ಎಂಬ ಪರಿಮಳದ ವ್ಯಾಪಾರಿ ಇದ್ದ. ಊದುಬತ್ತಿಗೆ ಬೆರೆಸುವ ಗಂಧ, ಮಲ್ಲಿಗೆ, ಲಾವಂಚದ ಹದವೆಲ್ಲ ಅವನ ಕೈಯಲ್ಲಿತ್ತು. ಅವನ ಮೂಗನ್ನು ಪೇಟೆಯೆಲ್ಲ ಹೊಗಳುತ್ತಿತ್ತು. ಹೊಗಳಿಕೆಯನ್ನು ಅವನೂ ಚೆನ್ನಾಗಿಯೇ ನಂಬಿದ್ದ. "ನನ್ನ ಬತ್ತಿಗೆ ಸೋಲದ ದುರ್ವಾಸನೆ ಇನ್ನೂ ಹುಟ್ಟಿಲ್ಲ" ಎಂದು ಗಿರಾಕಿಗಳ ಮುಂದೆ ಜಂಬ ಕೊಚ್ಚುತ್ತಿದ್ದ.

ಅವನ ಹೆಂಡತಿ ಸರ್ವಮಂಗಳಮ್ಮ ಒಂದು ಗಂಡು ಬೆಕ್ಕು ಸಾಕಿದ್ದಳು. ಮೈಬಣ್ಣ ನೋಡಿ ಅದಕ್ಕೆ ಬೆಲ್ಲ ಎಂದು ಹೆಸರಿಟ್ಟಿದ್ದಳು. ಮನೆ ಮಹಡಿಯ ಮೇಲೆ. ಕೆಳಗೆ ಬೀದಿಯಲ್ಲಿ ಆಟೋಗಳ ಓಡಾಟ, ನಾಯಿಗಳ ಕಾಟ. ಹಾಗಾಗಿ ಬೆಲ್ಲ ಹೊಸ್ತಿಲು ದಾಟಿದವನೇ ಅಲ್ಲ. ಅವನಿಗಾಗಿ ಬಚ್ಚಲಮನೆಯ ಪಕ್ಕ ಮರಳು ತುಂಬಿದ ಅಗಲವಾದ ಟ್ರೇ ಇತ್ತು. ಬೆಳಗ್ಗೆಯೂ ಸಂಜೆಯೂ ಸರ್ವಮಂಗಳಮ್ಮ ಒಂದು ತೂತಿನ ಸೌಟು ಹಿಡಿದು ಒದ್ದೆ ಮರಳಿನ ಉಂಡೆಗಳನ್ನು ಬಾಚಿ ತೆಗೆಯುತ್ತಿದ್ದಳು. ವಾರಕ್ಕೊಮ್ಮೆ ಟ್ರೇಯನ್ನು ಬಿಸಿನೀರಲ್ಲಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಹೊಸ ಮರಳು ತುಂಬುತ್ತಿದ್ದಳು. ಪರಿಮಳ ಮಾರುವವನ ಮನೆಯೇ ಆದರೂ ಆ ಟ್ರೇಗೆ ಒಂದು ಹನಿ ಪರಿಮಳವನ್ನೂ ಅವಳು ಸೋಕಿಸಿರಲಿಲ್ಲ. ಆದರೂ ಮನೆಯಲ್ಲಿ ಬೆಕ್ಕಿದೆ ಎಂದು ಬಂದವರಿಗೆ ಗೊತ್ತಾಗುತ್ತಲೇ ಇರಲಿಲ್ಲ.

ಬಾಚುವಾಗ ಅವಳು ಬಗ್ಗಿ ನೋಡಿ, "ರೀ, ಇವತ್ತು ಚೆನ್ನಾಗಿ ಹೋಗಿದ್ದಾನೆ" ಎನ್ನುವಳು.

"ಕಾಫಿ ಕುಡಿಯೋ ಹೊತ್ತಲ್ಲಿ ಇದೇನೇ ಮಾತು?" ಎಂದು ಶಿವನಂಜಪ್ಪ ಮುಖ ಸಿಂಡರಿಸುವನು.

"ಅವನಿಗೇನು ಮಾತು ಬರುತ್ತಾ? ಮೈ ಸರಿ ಇದೆಯೋ ಇಲ್ವೋ ಅಂತ ನಾವು ಇಲ್ಲೇ ನೋಡಿ ತಿಳ್ಕೋಬೇಕು."

ಆಷಾಢದಲ್ಲಿ ಜ್ವರ ಬಂದು ಮಲಗಿದ ಸರ್ವಮಂಗಳಮ್ಮ ಮತ್ತೆ ಏಳಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಕಾರ್ಯ ಮುಗಿಸಿ ನೆಂಟರೆಲ್ಲ ಹೊರಟ ಮೇಲೆ ಬೆಲ್ಲ ಮೆಲ್ಲಗೆ ಬಂದು ಶಿವನಂಜಪ್ಪನ ತೊಡೆಯ ಮೇಲೆ ಮುದುಡಿ ಮಲಗಿದ. ಅಲ್ಲಿಯವರೆಗೆ ಯಾರ ಮುಂದೆಯೂ ಅಳದಿದ್ದ ಶಿವನಂಜಪ್ಪ ಆಗ ಬಿಕ್ಕಿ ಬಿಕ್ಕಿ ಅತ್ತ. "ನನಗೆ ನೀನು, ನಿನಗೆ ನಾನು. ಇನ್ಯಾರಿದ್ದಾರಪ್ಪಾ" ಎಂದು ಅವನ ಬೆನ್ನು ಸವರಿದ.

ಪ್ರೀತಿಗೇನೂ ಕಡಿಮೆ ಮಾಡಲಿಲ್ಲ. ಒಳ್ಳೆಯ ತಿಂಡಿ ತಂದು ಹಾಕಿದ, ಮಲಗಲು ಹೆಂಡತಿಯ ಮೆತ್ತನೆಯ ಸೀರೆ ಮಡಿಸಿ ಹಾಸಿದ. ಆ ತೂತಿನ ಸೌಟನ್ನು ಹಿಡಿಯಲು ಮಾತ್ರ ಅವನ ಕೈ ಬರಲಿಲ್ಲ. ಮೂಗಿನ ದುಡಿಮೆಯಿಂದ ಅನ್ನ ಉಣ್ಣುವವನು ನಾನು, ಈ ಕೆಲಸ ನನ್ನದಲ್ಲ ಎಂದುಕೊಂಡ. ಇವತ್ತು ಬೇಡ, ನಾಳೆ ನೋಡೋಣ ಎನ್ನುತ್ತಾ ದಿನ ತಳ್ಳಿದ. ಮನೆ ಗಬ್ಬು ನಾರತೊಡಗಿತು.

ಒಂದು ದಿನ ಕೊಳ್ಳೇಗಾಲದ ಅಂಗಡಿಯವರೊಬ್ಬರು ಮಾಲು ನೋಡಲು ಮನೆಗೇ ಬಂದರು. ಬತ್ತಿ ಮೂಸಿದರು, ಮತ್ತೊಮ್ಮೆ ಮೂಸಿದರು. "ಏನ್ ಶಿವನಂಜಪ್ಪನವರೇ, ಈ ಸಲದ ಮಲ್ಲಿಗೇಲಿ ಏನೋ ಬೇರೆ ಸೇರ್ಕೊಂಡಂಗಿದೆಯಲ್ಲ?" ಎಂದು ಕರವಸ್ತ್ರ ತೆಗೆದರು.

ಶಿವನಂಜಪ್ಪನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅವರು ಹೋದದ್ದೇ ತಡ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೊಳೆತ ಮರಳನ್ನು ಚೀಲಕ್ಕೆ ಸುರಿದ. ಟ್ರೇ ತೊಳೆಯಲಿಲ್ಲ. ಅದಕ್ಕೆ ಹೊಸ ಮರಳು ತುಂಬಿ ಗಂಧದ ಪುಡಿ ಬೆರೆಸಿದ, ಲಾವಂಚದ ಎಣ್ಣೆ ಚಿಮುಕಿಸಿದ, ಮೇಲೆ ಕರ್ಪೂರ ಉದುರಿಸಿದ. ಅಷ್ಟು ಸಾಲದೆಂದು ದೊಡ್ಡದೊಂದು ಪೆಟ್ಟಿಗೆಗೆ ಕಂಡಿ ಕೊರೆದು ಟ್ರೇಯ ಮೇಲೆ ಕವುಚಿದ. ಇದಕ್ಕೂ ಬಗ್ಗದ ವಾಸನೆ ಇದ್ದರೆ ನೋಡೇಬಿಡೋಣ ಎಂದುಕೊಂಡ.

ಬೆಲ್ಲ ಬಂದ. ಕಂಡಿಯಲ್ಲಿ ತಲೆ ಹಾಕಿದ. ಸೀನಿದ. ಕಾಲು ಒದರಿಕೊಂಡು ಹಿಂದೆ ಸರಿದ. ಬೆಕ್ಕಿನ ಮೂಗು ಮನುಷ್ಯನ ಮೂಗಿಗಿಂತ ಎಷ್ಟೋ ಚುರುಕು. ನಮಗೆ ಹಿತವಾದ ಘಮಲು ಅದಕ್ಕೆ ಕಣ್ಣಿಗೆ ಖಾರ ಬಿದ್ದ ಹಾಗೆ. ಮೂಗಿನ ವಿಷಯದಲ್ಲಿ ಅಷ್ಟು ಬಲ್ಲವನಿಗೆ ಮನೆಯಲ್ಲಿ ತನಗಿಂತ ದೊಡ್ಡ ಮೂಗಿನವನೊಬ್ಬ ಇದ್ದಾನೆಂದು ಹೊಳೆಯಲೇ ಇಲ್ಲ. ಬೆಲ್ಲ ಬಾಗಿಲಿನ ಕಾಲೊರಸಿನ ಮೇಲೆ ಉಚ್ಚೆ ಹೊಯ್ದ. ಶಿವನಂಜಪ್ಪ ಗದರಿ, ಕಾಲೊರಸನ್ನು ಆಚೆ ಎಸೆದು, ಅವನನ್ನು ಟ್ರೇ ಇದ್ದ ಮೂಲೆಗೆ ಅಟ್ಟಿ, ನಡುವಿನ ಬಾಗಿಲು ಮುಚ್ಚಿದ.

ಮರುದಿನ ಸೋಮವಾರ. ಶಿವನಂಜಪ್ಪ ಎದ್ದು ನಡುವಿನ ಬಾಗಿಲು ತೆರೆದು ಉಸಿರೆಳೆದುಕೊಂಡ. ಎಲ್ಲೂ ವಾಸನೆಯಿಲ್ಲ. ಟ್ರೇಯ ಹತ್ತಿರ ನಿಂತು ಮೂಸಿದ. ಗಂಧ, ಲಾವಂಚ ಬಿಟ್ಟರೆ ಬೇರೇನೂ ಇಲ್ಲ. ಅವನ ಖುಷಿ ಹೇಳತೀರದು. "ಮಂಗಳಾ, ನಿನ್ನ ಸೌಟಿಗಿಂತ ನನ್ನ ಗಂಧವೇ ಮೇಲಾಯ್ತು ನೋಡು" ಎಂದು ಗೋಡೆಯ ಮೇಲಿನ ಫೋಟೋಗೆ ಹೇಳಿದ.

ಅಂದು ಬೆಲ್ಲ ಪದೇ ಪದೇ ಟ್ರೇಗೆ ಹೋಗುತ್ತಿದ್ದ. ಒಳಗೆ ಬಹಳ ಹೊತ್ತು ಕೂರುತ್ತಿದ್ದ, ಹೊರಗೆ ಬರುತ್ತಿದ್ದ, ಮತ್ತೆ ಹೋಗುತ್ತಿದ್ದ. ಶಿವನಂಜಪ್ಪ ಅದನ್ನು ಕಂಡು ನಕ್ಕ. "ಈಗ ನಿನಗೂ ನನ್ನ ಪರಿಮಳ ಹಿಡಿಸ್ತಲ್ಲ, ಕಳ್ಳ" ಎಂದ.

ಮಂಗಳವಾರ ಮಧ್ಯಾಹ್ನ ಕೆಳಗಿನ ಮನೆಯ ಜರೀನಾ ಮೆಟ್ಟಿಲು ಹತ್ತಿ ಬಂದಳು. ಅವಳು ಬಟ್ಟೆ ಹೊಲಿಯುವವಳು, ಸರ್ವಮಂಗಳಮ್ಮನಿಗೆ ಬೇಕಾದವಳು. "ಅಣ್ಣಾ, ಬೆಲ್ಲ ಯಾಕೋ ಒಂದೇ ಸಮ ಕೂಗ್ತಾ ಇದ್ದಾನೆ. ಅವನಿಗೇನಾದ್ರೂ ಆಗಿದೆಯಾ?"

"ಏನಿಲ್ಲ ತಾಯಿ. ಅವಳನ್ನ ನೆನೆಸ್ಕೊಂಡು ಅಳ್ತಾನೆ. ನಾನೂ ಅಳ್ತೀನಲ್ಲ, ಹಾಗೆ" ಎಂದ ಶಿವನಂಜಪ್ಪ. ಅವನ ಕಣ್ಣಲ್ಲಿ ನೀರು ಕಂಡು ಜರೀನಾ ಮತ್ತೆ ಕೇಳಲಿಲ್ಲ.

ಬುಧವಾರ ಬೆಲ್ಲ ತಿಂಡಿ ಮುಟ್ಟಲಿಲ್ಲ. ಎತ್ತಿಕೊಳ್ಳಲು ಹೋದರೆ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಮುಟ್ಟಿದ ಕೂಡಲೇ ಚೀರಿದ. ಶಿವನಂಜಪ್ಪ ಮೆಟ್ಟಿಲ ಬಳಿ ಓಡಿ ಜರೀನಾಳನ್ನು ಕೂಗಿದ. ಜರೀನಾ ಆಟೋ ಕರೆದಳು. ಹೆಂಡತಿಯ ಸೀರೆಯಲ್ಲಿ ಸುತ್ತಿಕೊಂಡು ಇಬ್ಬರೂ ಅವನನ್ನು ಪಶುವೈದ್ಯೆಯ ಹತ್ತಿರ ಒಯ್ದರು.

ವೈದ್ಯೆ ಹೊಟ್ಟೆ ಮುಟ್ಟಿ ನೋಡಿದರು. "ಮೂತ್ರ ಕಟ್ಟಿದೆ. ಎಷ್ಟು ದಿನದಿಂದ ಮಾಡಿಲ್ಲ?"

ಶಿವನಂಜಪ್ಪ ಬೆಬ್ಬೆಬ್ಬೆ ಎಂದ. "ಗೊತ್ತಿಲ್ಲಮ್ಮ. ವಾಸನೆ ನಿಂತದ್ದು ಗೊತ್ತು. ಸೋಮವಾರ ನಿಂತಿತು. ನಾನು ಗೆದ್ದೆ ಅಂದ್ಕೊಂಡೆ."

ಟ್ರೇಗೆ ಗಂಧ ಬೆರೆಸಿದ್ದು, ಬೆಲ್ಲ ಪದೇ ಪದೇ ಹೋಗಿ ಕೂತದ್ದು, ಕೂಗಿದ್ದು ಎಲ್ಲ ಅವನು ಹೇಳಿದ್ದನ್ನು ಕೇಳುತ್ತಾ ವೈದ್ಯೆ ಕೈಗವಸು ಹಾಕಿಕೊಂಡರು. "ಗಂಡು ಬೆಕ್ಕಿನ ಮೂತ್ರದ ದಾರಿ ಬಹಳ ಸಣ್ಣದು. ಟ್ರೇ ಹಿಡಿಸದಿದ್ರೆ ತಡ್ಕೊಂಡು ತಡ್ಕೊಂಡು ಕೊನೆಗೆ ಹೀಗೂ ಆಗುತ್ತೆ. ಸುಮ್ಮನೆ ಹೋಗಿ ಹೋಗಿ ಕೂತಿದ್ದು, ಕೂಗಿದ್ದು ಎಲ್ಲ ಅದಕ್ಕೇ. ಮೊದಲ ದಿನವೇ ತಂದಿದ್ರೆ ಉಳಿಸ್ಬಹುದಿತ್ತೇನೋ. ನೋಡ್ತೀನಿ" ಎಂದರು.

ಅವರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಅಷ್ಟರಲ್ಲಿ ಕಟ್ಟಿದ ಮೂತ್ರದ ವಿಷ ಮೈಗೆಲ್ಲ ಏರಿಬಿಟ್ಟಿತ್ತು. ಬೆಲ್ಲ ಆ ಸೀರೆಯ ಮೇಲೆಯೇ, ಶಿವನಂಜಪ್ಪನ ಬೆರಳಿಗೆ ಮೂಗು ಒತ್ತಿಕೊಂಡು ಪ್ರಾಣ ಬಿಟ್ಟ.

ಮನೆಗೆ ಬಂದ ಶಿವನಂಜಪ್ಪ ಪೆಟ್ಟಿಗೆ ಎತ್ತಿ, ಮೊದಲ ಬಾರಿಗೆ ಟ್ರೇಯನ್ನು ಬಗ್ಗಿ ನೋಡಿದ. ಮರಳು ಒಣಗಿಕೊಂಡೇ ಇತ್ತು. ಒಂದು ಉಂಡೆಯೂ ಇರಲಿಲ್ಲ. ಮೂಲೆಮೂಲೆಯಲ್ಲೂ ಪಂಜದಿಂದ ಕೆರೆದ ಗೆರೆಗಳಿದ್ದವು. ಒಮ್ಮೆ ಬಗ್ಗಿದ್ದರೆ ಸಾಕಿತ್ತು. ಅವನು ಅಲ್ಲೇ ನೆಲದ ಮೇಲೆ ಕುಸಿದು ಕೂತ. ಎದೆ ಒಡೆದುಹೋಗುವಂತೆ ಅತ್ತ.

ಆಮೇಲೆ ನೀರು ಕಾಯಿಸಿ, ಬರಿಗೈಯಲ್ಲಿ ಟ್ರೇ ತಿಕ್ಕಿ ತೊಳೆದು ಬಿಸಿಲಿಗಿಟ್ಟ. ಅದನ್ನು ಬಳಸುವವರು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

ಕೆಲವು ತಿಂಗಳ ಮೇಲೆ ಹೆಂಗಸೊಬ್ಬಳು ಬಂದು, "ಮನೇಲಿ ಬೆಕ್ಕಿದೆ, ವಾಸನೆ ತಡೆಯಕ್ಕಾಗಲ್ಲ. ಜೋರಾಗಿ ಘಮ್ ಅನ್ನೋ ಬತ್ತಿ ಇದ್ರೆ ಕೊಡಿ" ಎಂದಳು.

"ಇದಕ್ಕೆ ನನ್ನ ಹತ್ರ ಬತ್ತಿ ಇಲ್ಲ ತಾಯಿ" ಎಂದ ಶಿವನಂಜಪ್ಪ. ಒಳಗಿನಿಂದ ಆ ತೂತಿನ ಸೌಟು ತಂದು ಅವಳ ಕೈಗಿಟ್ಟ. "ಬೆಳಗ್ಗೆ ಸಂಜೆ ಬಾಚಿ. ವಾರಕ್ಕೊಂದ್ಸಲ ಬಿಸಿನೀರಲ್ಲಿ ತೊಳೆದು ಒಣಗಿಸಿ. ಪರಿಮಳ ಏನೂ ಹಾಕ್ಬೇಡಿ."

"ಇದರಿಂದ ವಾಸನೆ ಹೋಗುತ್ತಾ?"

"ಹೋಗುತ್ತೆ. ಆದ್ರೆ ನೀವು ಬಾಚದೇನೇ ವಾಸನೆ ಹೋದ್ರೆ ಖುಷಿಪಡ್ಬೇಡಿ ತಾಯಿ. ಮೊದಲು ಹೋಗಿ ಬೆಕ್ಕನ್ನ ನೋಡಿ."

ನೀತಿ: ನಮ್ಮನ್ನೇ ನಂಬಿದ ಮೂಕಜೀವಿಯನ್ನು ಮುದ್ದಿಸುವುದಷ್ಟೇ ಪ್ರೀತಿಯಲ್ಲ, ಅದರ ಕೊಳೆಯನ್ನು ಕೈಯಾರೆ ತೆಗೆಯುವುದೂ ಪ್ರೀತಿಯೇ. ನಮಗೆ ಕಿರಿಕಿರಿಯಾಗುವುದನ್ನು ಮುಚ್ಚಿಟ್ಟರೆ ಅದರ ಹಿಂದಿನ ನೋವೂ ನಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆ. ಮನೆಯಲ್ಲೊಂದು ದೂರು ತಾನಾಗಿ ನಿಂತುಹೋದರೆ, ನೆಮ್ಮದಿಯ ಉಸಿರು ಬಿಡುವ ಮೊದಲು ಬಗ್ಗಿ ನೋಡಬೇಕು.